ಸಾಲಗಾರನ ಬ್ಯಾರಿಸ್ಟರು

ಬ್ಯಾರಿಸ್ಟರ್ ಎಂಬ ಮಾತು ನಮ್ಮ ಕೇರಿಗೆ ಬಾಬಾ ಸಾಹೇಬರ ಹೆಸರಿನ ಜೊತೆಯಲ್ಲೇ ಬಂತು. ನಮ್ಮ ತಾತನ ಬಾಯಲ್ಲಿ ಅದು 'ಬಾಲಿಸ್ಟ್ರು'. ನಂಜನಗೂಡಿನ ಕೋರ್ಟಿನ ಮುಂದೆ, ಟಿ. ನರಸೀಪುರದ ಕೋರ್ಟಿನ ಮುಂದೆ ಕರೀ ಕೋಟು ಹಾಕಿಕೊಂಡು ಓಡಾಡುವವರನ್ನೆಲ್ಲ ತಾತ 'ಲಾಯರಪ್ಪಾರು' ಅನ್ನುತ್ತಿದ್ದ. ಬಾಲಿಸ್ಟ್ರು ಅಂದರೆ ಅವನಿಗೆ ಲೋಕದಲ್ಲಿ ಒಬ್ಬರೇ. ನೀಲಿ ಕೋಟು, ಕಂಕುಳಲ್ಲಿ ದಪ್ಪ ಪುಸ್ತಕ, ಮುಂದಕ್ಕೆ ಚಾಚಿದ ಬೆರಳು. 'ಬಾಲಿಸ್ಟ್ರು ಓದದು ಅಂದ್ರ ಸಮುದ್ರ ದಾಟಿ ಓದದು ಕನ ಮಗ' ಅನ್ನುತ್ತಿದ್ದ ಆ ಮನುಷ್ಯ ಕಪಿಲೆ ಹೊಳೆ ಬಿಟ್ಟು ಬೇರೆ ನೀರು ದಾಟಿದವನಲ್ಲ. ಜೀತದ ಮನೆಯ ಲೆಕ್ಕದ ಪುಸ್ತಕದಲ್ಲಿ ತನ್ನ ಸಾಲ ಎಷ್ಟು ಅಂತ ಓದಿಕೊಳ್ಳಲಾರದೆ, ಒಡೆಯ ಹೇಳಿದ್ದೇ ಅಸಲು, ಅವನು ಹೇಳಿದ್ದೇ ಬಡ್ಡಿ ಅಂತ ಒಪ್ಪಿಕೊಂಡು 14 ವರ್ಷ ಗೇದವನು. 1976ರಲ್ಲಿ ಜೀತ ರದ್ದಿನ ಕಾಯಿದೆ ಬಂದಮೇಲೆ ಹೊರಗೆ ಬಂದ. ಸಾಲ ಎಷ್ಟಿತ್ತು ಅನ್ನುವುದು ಸಾಯುವ ತನಕ ಅವನಿಗೆ ತಿಳಿಯಲಿಲ್ಲ.

ಆ ಮನೆಯಲ್ಲಿ ನಾನು ಮೊದಲನೇ ಬಿ.ಎ. ಪದ್ಯ ಬರೆಯುವ ಹೈದ ಅಂತಲೂ ಅರ್ಜಿ ಬರೆಯುವ ಹೈದ ಅಂತಲೂ ಕೇರಿಯಲ್ಲಿ ಹೆಸರು. ಪದ್ಯಕ್ಕಿಂತ ಅರ್ಜಿಗೇ ಗಿರಾಕಿ ಜಾಸ್ತಿ. ಈಗ ಮೈಸೂರಿನಲ್ಲಿ 3 ವರ್ಷದ ಲಾ ಓದಿಗೆ ಸೇರಿಕೊಂಡಿದ್ದೇನೆ. 'ಓದಿ ಯಾನ ಆಯ್ತೀಯ?' ಅಂತ ಕೇಳುವವರಿಗೆಲ್ಲ ಏನಾದರೂ ಹೇಳಬೇಕಲ್ಲ. ಆ ಉತ್ತರ ಹುಡುಕುತ್ತ ಪುಸ್ತಕದಲ್ಲಿ, ಪೇಪರಿನಲ್ಲಿ ಲಂಡನ್ನಿನ ತನಕ ಹೋಗಿ ಬಂದಿದ್ದೇನೆ. ಅಲ್ಲಿ ಕಂಡದ್ದನ್ನು ಗೆಳೆಯರ ಮುಂದೆ ಇಡುತ್ತೇನೆ.

ನಂಜನಗೂಡಿನಿಂದಲೇ ಹೊರಟರೆ ದಾರಿ ಸಲೀಸು. ನಂಜನಗೂಡಿನಲ್ಲಿ ಯುನೈಟೆಡ್ ಬ್ರೂವರೀಸ್ ಕಂಪನಿಯ ಬಿಯರ್ ಕಾರ್ಖಾನೆ ಇದೆ. ಸೀಸೆಯ ಮೇಲೆ ಮಿಂಚುಳ್ಳಿಯ ಚಿತ್ರ. ಆ ಕಂಪನಿ ಬಹುಕಾಲ ಬೆಂಗಳೂರಿನ ವಿಜಯ ಮಲ್ಯರ ಕೈಯಲ್ಲಿತ್ತು. 2021ರಲ್ಲಿ ಅದರ ಹಿಡಿತ ಹಾಲೆಂಡಿನ ಹೈನೆಕೆನ್ ಕಂಪನಿಗೆ ಹೋಯಿತು. ಅದೇ ಮಿಂಚುಳ್ಳಿಯ ಹೆಸರಿನಲ್ಲಿ ಮಲ್ಯ 2005ರಲ್ಲಿ ವಿಮಾನ ಹಾರಿಸಿದರು. 2012ರಲ್ಲಿ ವಿಮಾನಗಳು ನಿಂತುಹೋದವು. ಸ್ಟೇಟ್ ಬ್ಯಾಂಕಿನ ಮುಂದಾಳತ್ವದಲ್ಲಿ 17 ಬ್ಯಾಂಕುಗಳು ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ ಬರಬೇಕು ಅಂದವು. ಕರ್ನಾಟಕದಿಂದ 2 ಸಲ ರಾಜ್ಯಸಭೆಗೆ ಆರಿಸಿಹೋಗಿದ್ದ ಆ ಮನುಷ್ಯ 2016ರ ಮಾರ್ಚ್ 2ರಂದು ದೇಶ ಬಿಟ್ಟರು. 2017ರ ಏಪ್ರಿಲ್ 18ರಂದು ಲಂಡನ್ನಿನಲ್ಲಿ ಬಂಧನವಾಯಿತು, ಅದೇ ದಿನ ಜಾಮೀನೂ ಆಯಿತು. ಇಂಡಿಯಾಕ್ಕೆ ಒಪ್ಪಿಸಬೇಕೆ ಬೇಡವೆ ಎಂಬ ವಿಚಾರಣೆ ವೆಸ್ಟ್‌ಮಿನ್‌ಸ್ಟರ್ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಆ ವರ್ಷದ ಡಿಸೆಂಬರಿನಲ್ಲಿ ಶುರುವಾಯಿತು.

ಅಲ್ಲಿ ಮಲ್ಯರ ಪರ ವಾದಿಸಿದವರು ಕ್ಲೇರ್ ಮಾಂಟ್ಗೊಮರಿ ಎಂಬ ಹೆಣ್ಣುಮಗಳು. ಇಂಡಿಯಾ ಸರ್ಕಾರದ ಪರ ಮಾರ್ಕ್ ಸಮ್ಮರ್ಸ್. ಇಬ್ಬರೂ ಬ್ಯಾರಿಸ್ಟರುಗಳು. ಇಬ್ಬರೂ ಮ್ಯಾಟ್ರಿಕ್ಸ್ ಎಂಬ ಒಂದೇ ಚೇಂಬರಿನವರು. ಆ ಚೇಂಬರು ಇರುವುದು ಗ್ರೇಸ್ ಇನ್ ಎಂಬ ಆವರಣದಲ್ಲಿ. ಈ ಹೆಸರು ಓದಿದಾಗ ನಾನು ಪೇಪರನ್ನು ಕೆಳಗಿಟ್ಟು ಸುಮ್ಮನೆ ಕೂತೆ. ಬಾಬಾ ಸಾಹೇಬರು 1916ರಲ್ಲಿ ಹೆಸರು ಬರೆಸಿ, ದುಡ್ಡಿಲ್ಲದೆ ನಡುವೆ ವಾಪಸು ಬಂದು, ಮತ್ತೆ ಹೋಗಿ, 1922ರಲ್ಲಿ ಬ್ಯಾರಿಸ್ಟರ್ ಆದದ್ದು ಇದೇ ಗ್ರೇಸ್ ಇನ್‌ನಲ್ಲಿ.

ಈ ಕಸುಬಿನ ರೀತಿಯೇ ಬೇರೆ. ಲಂಡನ್ನಿನಲ್ಲಿ ಇಂಥ 4 ಇನ್‌ಗಳಿವೆ. ಅವುಗಳಲ್ಲಿ ಒಂದಕ್ಕೆ ಸೇರದೆ ಯಾರೂ ಬ್ಯಾರಿಸ್ಟರ್ ಆಗುವಂತಿಲ್ಲ. ಪರೀಕ್ಷೆಯ ಜೊತೆಗೆ ಅಲ್ಲಿನ ದೊಡ್ಡ ಹಾಲಿನಲ್ಲಿ ಇಷ್ಟು ಸಲ ಕೂತು ಊಟ ಮಾಡಿರಬೇಕು ಎಂಬ ಹಳೇ ಕಟ್ಟಳೆ. (ಪಂಕ್ತಿಯಲ್ಲಿ ಕೂರಿಸದ ದೇಶದಿಂದ ಹೋದ ಬಾಬಾ ಸಾಹೇಬರಿಗೆ ಊಟ ಮಾಡುವುದೇ ಒಂದು ಅರ್ಹತೆಯಾಗಿ ಎದುರು ಬಂದಿತು ನೋಡಿ.) ಆಮೇಲೆ ಒಬ್ಬ ಹಿರಿಯರ ಕೈಕೆಳಗೆ ಒಂದು ವರ್ಷ ಶಿಷ್ಯವೃತ್ತಿ. ಆಮೇಲೆ ಚೇಂಬರು. ಬಾಡಿಗೆ, ಗುಮಾಸ್ತ ಎಲ್ಲರಿಗೂ ಸೇರಿ. ಕೇಸು ಮಾತ್ರ ಅವರವರದು. ಅದಕ್ಕೇ ಒಂದೇ ಸೂರಿನ ಇಬ್ಬರು ಎದುರು ಬದುರು ನಿಲ್ಲಬಹುದು. ಕಕ್ಷಿದಾರ ಮೊದಲು ಸಾಲಿಸಿಟರ್ ಹತ್ತಿರ ಹೋಗುತ್ತಾನೆ, ಅವರು ಬ್ಯಾರಿಸ್ಟರನ್ನು ಹಿಡಿಯುತ್ತಾರೆ. 'ಘೋರ ಅಪರಾಧ ಮತ್ತು ಹಣಕಾಸಿನ ಅಪರಾಧ' ಎಂಬ ವಿಭಾಗ ಹಿಡಿದವನು ಸಣ್ಣಪುಟ್ಟ ಕಳವು, ಹೊಡೆದಾಟದ ಕೇಸುಗಳಿಂದ ಶುರು ಮಾಡಿ, ದೊಡ್ಡ ವಂಚನೆಯ ಮೊಕದ್ದಮೆಯಲ್ಲಿ ಹಿರಿಯರ ಹಿಂದೆ ಕೂತು ಸಾವಿರಾರು ಪುಟ ಲೆಕ್ಕ ಓದುವುದನ್ನು ಕಲಿಯುತ್ತಾನೆ. ಇವತ್ತು ಸರ್ಕಾರದ ಪರ, ನಾಳೆ ಆರೋಪಿಯ ಪರ. ಚಿಲಿ ದೇಶದ ಸರ್ವಾಧಿಕಾರಿ ಪಿನೊಚೆ 1998ರಲ್ಲಿ ಲಂಡನ್ನಿನಲ್ಲಿ ಸಿಕ್ಕಿಬಿದ್ದಾಗ ಅವನ ಪರ ನಿಂತವರಲ್ಲಿ ಈ ಮಾಂಟ್ಗೊಮರಿಯೂ ಒಬ್ಬರು. ನೀರವ್ ಮೋದಿ ಸಿಕ್ಕಿಬಿದ್ದಾಗಲೂ ಅವರೇ.

ಹೆಸರು ಮಾಡಿದ ಬ್ಯಾರಿಸ್ಟರಿಗೆ ಕ್ವೀನ್ಸ್ ಕೌನ್ಸೆಲ್ ಪದವಿ. 2022ರಲ್ಲಿ ರಾಣಿ ತೀರಿಕೊಂಡ ಮೇಲೆ ಕಿಂಗ್ಸ್ ಕೌನ್ಸೆಲ್. ಆ ಪದವಿ ಬಂದವರು ರೇಷ್ಮೆಯ ಗೌನು ತೊಡುತ್ತಾರೆ. ಅದಕ್ಕೆ ಅಲ್ಲಿನವರ ಮಾತಿನಲ್ಲಿ 'ರೇಷ್ಮೆ ಪಡೆದರು' ಅಂತಲೇ ಹೆಸರು. ಟಿ. ನರಸೀಪುರದವರಿಗೆ ರೇಷ್ಮೆ ಗೊತ್ತಿಲ್ಲವೆ? ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಸರ್ಕಾರಿ ನಿಗಮದ ಕಾರ್ಖಾನೆ ಇರುವುದೇ ಅಲ್ಲಿ. ನಮ್ಮ ದೊಡ್ಡತ್ತೆ ಬೇರೆ ಒಂದು ಸಣ್ಣ ಖಾಸಗಿ ಶೆಡ್ಡಿನಲ್ಲಿ ಕುದಿಯುವ ನೀರಿನಿಂದ ಗೂಡು ಎತ್ತಿ ಎಳೆಯ ತುದಿ ಹುಡುಕುತ್ತಿದ್ದಳು. ತುದಿ ಸಿಕ್ಕರೆ ಮುಗಿಯಿತು, ನೂರಾರು ಮೀಟರ್ ಎಳೆ ತಾನಾಗಿಯೇ ಬಿಚ್ಚಿಕೊಂಡು ಬರುತ್ತದೆ. ಸಿಗದಿದ್ದರೆ ಗೂಡು ಹಾಳು, ಬೆರಳೂ ಹಾಳು. ಹಣಕಾಸಿನ ವಂಚನೆಯ ಕಾಗದಗಳ ಕತೆ ಓದುವಾಗೆಲ್ಲ ನನಗೆ ಅವಳ ಬೆಂದ ಬೆರಳು ನೆನಪಾಗುತ್ತದೆ. ಯಾವ ಬ್ಯಾಂಕಿನಿಂದ ಹೊರಟ ದುಡ್ಡು ಯಾವ ಖಾತೆ ಹೊಕ್ಕು ಯಾವ ದೇಶದಲ್ಲಿ ಎದ್ದಿತು ಎಂಬ ತುದಿ ಹುಡುಕುವುದೇ ಈ ಬ್ಯಾರಿಸ್ಟರುಗಳ ಜೀವಮಾನದ ಗೇಮೆ.

ಮಲ್ಯರ ಕೇಸಿನಲ್ಲಿ ವಾದ ಎರಡು. ಇದು ಮೋಸ, ತೀರಿಸುವ ಮನಸ್ಸಿಲ್ಲದೆ ಸಾಲ ಎತ್ತಿದರು ಅಂತ ಒಂದು ಕಡೆ. ಇದು ವ್ಯಾಪಾರದ ಸೋಲು, ಸೋತವನನ್ನು ಕಳ್ಳ ಅನ್ನಬೇಡಿ ಅಂತ ಇನ್ನೊಂದು ಕಡೆ. ನ್ಯಾಯಾಧೀಶೆ ಎಮ್ಮಾ ಆರ್ಬತ್‌ನಾಟ್ ಅವರಿಗೆ ಬ್ಯಾಂಕಿನವರೂ ತಮ್ಮ ನಿಯಮ ತಾವೇ ಮುರಿದದ್ದು ಕಣ್ಣಿಗೆ ರಾಚುವ ಹಾಗೆ ಕಂಡಿತು, ಹಾಗೇ ಹೇಳಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಜೈಲಿನ ಮಾತು. ಮಲ್ಯರನ್ನು ಇಡುವುದು ಮುಂಬಯಿಯ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕು ಅಂತ ಇಂಡಿಯಾ ಹೇಳಿತು. ಅಲ್ಲಿ ಗಾಳಿ ಬೆಳಕು ಇದೆಯೆ ಅಂತ ಮಾಂಟ್ಗೊಮರಿ ಕಡೆಯವರು ಎತ್ತಿದರು. ಆ ಬ್ಯಾರಕ್ಕಿನ ವಿಡಿಯೋ ತೆಗೆದು ಕಳಿಸಿ, ಕಿಟಕಿಯಿಂದ ಹಗಲಿನ ಬೆಳಕು ಹೇಗೆ ಬೀಳುತ್ತದೆ ತೋರಿಸಿ ಅಂತ 2018ರಲ್ಲಿ ನ್ಯಾಯಾಧೀಶೆ ಕೇಳಿದರು. ಒಬ್ಬ ಸಾಲಗಾರನ ಮೈಮೇಲೆ ಬೀಳಬೇಕಾದ ಬೆಳಕಿಗಾಗಿ ಇಂಡಿಯಾ ಸರ್ಕಾರ ಕ್ಯಾಮರಾ ಹಿಡಿದು ಜೈಲಿಗೆ ಹೋಯಿತು. ನಾನು ಇದನ್ನು ಕುಹಕಕ್ಕೆ ಹೇಳುತ್ತಿಲ್ಲ. ಕೈದಿಗೆ ಬೆಳಕು ಬೇಕು ಅನ್ನುವುದು ನ್ಯಾಯವೇ. ಅದನ್ನು ಕೇಳಲು ಗೊತ್ತಿರುವ ಬಾಯಿ ಒಂದು ಬೇಕಿತ್ತು, ಅದು ಅವರಿಗಿತ್ತು.

ಆ ವರ್ಷದ ಡಿಸೆಂಬರ್ 10ರಂದು ಒಪ್ಪಿಸಬಹುದು ಅಂತ ತೀರ್ಪಾಯಿತು. 2020ರಲ್ಲಿ ಅಪೀಲಿನ ದಾರಿಗಳೂ ಮುಚ್ಚಿದವು. ಆಮೇಲೂ ವರ್ಷಗಟ್ಟಲೆ ಮಲ್ಯ ಇಂಗ್ಲೆಂಡಿನಲ್ಲೇ ಉಳಿದರು. ಅವರ ಆಸ್ತಿಯಿಂದ 14,131 ಕೋಟಿಗೂ ಹೆಚ್ಚು ಬ್ಯಾಂಕುಗಳಿಗೆ ವಾಪಸು ಕೊಟ್ಟಿದ್ದೇವೆ ಅಂತ ಸರ್ಕಾರವೇ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ಹೇಳಿತು. ಕೊಡಬೇಕಾದ್ದಕ್ಕಿಂತ ಹೆಚ್ಚೇ ಕಿತ್ತುಕೊಂಡಿದ್ದಾರೆ ಅಂತ ಅವರ ತಕರಾರು. ಇನ್ನೊಂದು ಲೆಕ್ಕವನ್ನೂ ಓದುಗರು ಬರೆದಿಟ್ಟುಕೊಳ್ಳಬೇಕು. ಕೋರ್ಟಿನ ಆಜ್ಞೆ ಮೀರಿ 4 ಕೋಟಿ ಡಾಲರನ್ನು ಮಕ್ಕಳಿಗೆ ದಾಟಿಸಿದ ನ್ಯಾಯಾಂಗ ನಿಂದನೆಗೆ ನಮ್ಮ ಸುಪ್ರೀಂ ಕೋರ್ಟು 2022ರ ಜುಲೈ 11ರಂದು ವಿಧಿಸಿದ ಶಿಕ್ಷೆ 4 ತಿಂಗಳ ಜೈಲು, 2,000 ರೂಪಾಯಿ ದಂಡ.

2,000 ರೂಪಾಯಿ ಅಂದರೆ ನಮ್ಮವ್ವನ ಸಂಘದ ಸಾಲದಲ್ಲಿ 3 ಕಂತು ಕಟ್ಟಿ ಮೇಲೆ 170 ಉಳಿಯುವ ದುಡ್ಡು.

ಅವ್ವ ಒಂದು ಮೈಕ್ರೋಫೈನಾನ್ಸ್ ಕಂಪನಿಯಲ್ಲಿ 50,000 ಎತ್ತಿದ್ದಳು. ತಂಗಿಯ ಬಾಣಂತನಕ್ಕೆ, ಹಟ್ಟಿಯ ಶೀಟಿಗೆ. ವಾರಕ್ಕೆ 610, 104 ವಾರ. ತಾತನಿಗೆ ತಿಳಿಯದ ಲೆಕ್ಕ ನಾನು ಕಾರ್ಡಿನ ಹಿಂಬದಿಯಲ್ಲೇ ಗುಣಿಸಿದೆ: 63,440. ಬಡ್ಡಿ 13,440. ಜೊತೆಗೆ ವಿಮೆ, ಅದೂ ಇದೂ ಅಂತ ಮೊದಲೇ ಹಿಡಿದುಕೊಂಡದ್ದು ಬೇರೆ. 10 ಹೆಂಗಸರ ಗುಂಪು. ಒಬ್ಬಳು ಕಟ್ಟದಿದ್ದರೆ 9 ಜನ ಹೊರಬೇಕು. ಗುಂಪಿನಲ್ಲಿ ಒಬ್ಬಾಕೆ ಗಂಡನ ಆಸ್ಪತ್ರೆ ಖರ್ಚಿಗೆ ಬಿದ್ದು ಊರು ಬಿಟ್ಟಳು. ಅವಳ ಪಾಲು ಹೊತ್ತು ಹೊತ್ತು ಅವ್ವನದೂ ತಪ್ಪಿತು. ಕಂಪನಿಯ ಹುಡುಗ ರಾತ್ರಿ 8 ಗಂಟೆಯವರೆಗೂ ಜಗಲಿ ಮೇಲೆ ಕೂರುವುದಕ್ಕೆ ಶುರು ಮಾಡಿದ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಕಾಡುವಂತಿಲ್ಲ ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅದನ್ನು ನಾನು ಕನ್ನಡದಲ್ಲಿ ಬರೆದು ಅವನ ಮುಂದೆ ಹಿಡಿದೆ. ಅವನು ಓದಿದ. ಎಚ್.ಡಿ. ಕೋಟೆ ಕಡೆಯ ಹುಡುಗ, ಅವನೂ ಬಿ.ಎ., ಅವನೂ ನಮ್ಮವನೇ. 'ಸಾ, ನಿಯಮ ನಂಗೂ ಗೊತ್ತು. ಇವತ್ತು ಕಂತಿಲ್ದೆ ಹೋದ್ರ ನಾಳೆ ನಂಗ ಕೆಲ್ಸ ಇಲ್ಲ' ಅಂದ. ಅವನ ಕಣ್ಣಲ್ಲಿ ನಿದ್ದೆ ಇರಲಿಲ್ಲ.

2025ರ ಜನವರಿಯಲ್ಲಿ ನಂಜನಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಗೆ ಬೀಗ ಬಿದ್ದದ್ದನ್ನು ಪೇಪರುಗಳಲ್ಲಿ ಓದಿದ್ದೀರಿ. ಮಕ್ಕಳು ಸ್ಕೂಲು ಬಿಟ್ಟವು, ದನಗಳನ್ನು ನೆಂಟರ ಹಟ್ಟಿಗೆ ಹೊಡೆದರು, ಪ್ರಾಣ ಬಿಟ್ಟವರೂ ಇದ್ದರು. ಅವ್ವ ತೌರಿಗೆ ಹೋಗಿ ಕೂತಳು. ಸರ್ಕಾರ ಸುಗ್ರೀವಾಜ್ಞೆ ತಂದಿತು: ಸಾಲ ವಸೂಲಿಗೆ ಹಿಂಸೆ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಹೆಚ್ಚೆಂದರೆ 3 ಲಕ್ಷದ ಸಾಲಕ್ಕೆ ಇಷ್ಟು ಶಿಕ್ಷೆ ವಿಪರೀತ ಅಂತ ರಾಜ್ಯಪಾಲರು ಫೆಬ್ರವರಿ 7ರಂದು ವಾಪಸು ಕಳಿಸಿ, 12ರಂದು ಸಹಿ ಹಾಕಿದರು. ಆಮೇಲೆ ಅದೇ ಕಾಯಿದೆಯೂ ಆಯಿತು. ಅಂಥ ಒಂದು ಸಂಜೆ ತೌರಿನ ಹಟ್ಟಿಯಲ್ಲಿ ಅವ್ವನಿಗೆ ನಾನು ಮಲ್ಯರ ಬ್ಯಾರಿಸ್ಟರ ಕತೆ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತ ಕೇಳಿದಳು: 'ಸಾಲ ಮಾಡ್ದವ್ನ ಪರ್ವಾಗೂ ಲಾಯರು ನಿಂತ್ಕತಾರಾ ಕೂಸು? ಸಾಲ ಕೊಟ್ಟವ್ರಿಗ ಮಾತ್ರ ಅಂದ್ಕಂಡಿದ್ದಿ ನಾನು.'

ಅವ್ವ ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನಿದೆ? ಅವಳು ಕಂಡ ಕೋರ್ಟು ಕಾಗದವೆಲ್ಲ ಕೊಟ್ಟವನ ಕಡೆಯಿಂದಲೇ ಬಂದದ್ದು. ಚೆಕ್ ಬೌನ್ಸ್ ನೋಟೀಸು, ಹರಾಜಿನ ನೋಟೀಸು. ಹಣಕಾಸಿನ ಕಾನೂನು ಅನ್ನುವ ದೊಡ್ಡ ಮರದಿಂದ ಕೇರಿಗೆ ಬಂದು ಬೀಳುವುದು ಒಣಗಿದ ಮುಳ್ಳು ಮಾತ್ರ.

ಈ ಕಸುಬು ನಮ್ಮವರ ಕೈಗೆ ಎಟುಕದ್ದೇನೂ ಅಲ್ಲ. ಎಟುಕಿದ ಕೈಗೆ ಕೇಸು ಕೊಡಲಿಲ್ಲ ಅಷ್ಟೆ. 1923ರಲ್ಲಿ ಬಾಬಾ ಸಾಹೇಬರು ಬೊಂಬಾಯಿ ಹೈಕೋರ್ಟಿನಲ್ಲಿ ವಕೀಲಿ ಶುರು ಮಾಡಿದಾಗ, ಸನದಿನ ಫೀಸಿಗೆ ಸ್ನೇಹಿತರಾದ ನವಲ್ ಭಥೇನಾ ಅವರ ಹತ್ತಿರ ಸಾಲ ಮಾಡಬೇಕಾಯಿತು. ಅದೇ ವರ್ಷ ರೂಪಾಯಿಯ ಸಮಸ್ಯೆ ಕುರಿತ ಅವರ ಪುಸ್ತಕ ಹೊರಬಂತು, ಲಂಡನ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿಯೂ ಬಂತು. ಯೋಚನೆ ಮಾಡಿ ಗೆಳೆಯರೆ. ದುಡ್ಡಿನ ಒಳಗುಟ್ಟು ಅಷ್ಟು ಬಲ್ಲ ಬ್ಯಾರಿಸ್ಟರು ಆ ಹೈಕೋರ್ಟಿನಲ್ಲಿ ಎಷ್ಟು ಜನ ಇದ್ದಿರಬೇಕು? ದೊಡ್ಡ ವ್ಯಾಪಾರದ ಕೇಸುಗಳು ಇವರ ಮೇಜಿನ ಮೇಲೆ ರಾಶಿ ಬೀಳಬೇಕಿತ್ತು. ಅಸ್ಪೃಶ್ಯ ಬ್ಯಾರಿಸ್ಟರಿಗೆ ಸಾಲಿಸಿಟರುಗಳು ಕೇಸು ಕೊಡಲಿಲ್ಲ. ಜಿಲ್ಲೆಗಳ ಕೆಳಗಿನ ಕೋರ್ಟಿನ ಕೇಸು ಹಿಡಿದರು; ಹೊಟ್ಟೆಪಾಡಿಗೆ 1925ರಿಂದ 1928ರವರೆಗೆ ಒಂದು ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರದ ಕಾನೂನು ಪಾಠ ಹೇಳಿದರು. ಅವರು ಪಾಠ ಹೇಳಿಕೊಟ್ಟವರಿಗೆ ಗಿರಾಕಿ ಸಿಕ್ಕಿತು, ಅವರಿಗೆ ಸಿಗಲಿಲ್ಲ.

ಸ್ವತಂತ್ರ ಬಂದಮೇಲೆ 1961ರ ವಕೀಲರ ಕಾಯಿದೆ ನಮ್ಮಲ್ಲಿ ಬ್ಯಾರಿಸ್ಟರು, ವಕೀಲ, ಪ್ಲೀಡರು ಎಂಬ ಭೇದವನ್ನೆಲ್ಲ ತೆಗೆಯಿತು. ಎಲ್ಲರೂ ಅಡ್ವೊಕೇಟರೇ. ನಮ್ಮ ರಾಜ್ಯದಲ್ಲಿ ಹಣಕಾಸಿನ ಅಪರಾಧದ ವಕೀಲಿ ಅಂದರೆ ಹೀಗಿರಬೇಕು ಅಂತ ತೋರಿಸಿದ ಒಂದು ಕೇಸು ನೆನಪಿಸಿಕೊಳ್ಳಿ. ಮೇಲುಕೋಟೆಯಲ್ಲಿ ಹುಟ್ಟಿ ತಮಿಳುನಾಡಿನ ಮುಖ್ಯಮಂತ್ರಿಯಾದ ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆ. ಅಲ್ಲಿ ನ್ಯಾಯ ನಡೆಯುವುದಿಲ್ಲ ಅಂತ 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬೆಂಗಳೂರಿಗೆ ಕಳಿಸಿತು. ವಿಶೇಷ ಪ್ರಾಸಿಕ್ಯೂಟರ್ ಆಗಿದ್ದ ಬಿ.ವಿ. ಆಚಾರ್ಯರಿಗೆ 2012ರಲ್ಲಿ ಅಡ್ವೊಕೇಟ್ ಜನರಲ್ ಹುದ್ದೆಯೋ ಈ ಕೇಸೋ ಎಂಬ ಸಂದರ್ಭ ಬಂತು. ಅವರು ಹುದ್ದೆ ಬಿಟ್ಟರು, ಕೇಸು ಇಟ್ಟುಕೊಂಡರು. ಕಿರುಕುಳ ತಾಳಲಾರದೆ ಕೆಲವು ತಿಂಗಳಿಗೆ ಅದನ್ನೂ ಬಿಡಬೇಕಾಯಿತು. 2014ರಲ್ಲಿ ವಿಶೇಷ ಕೋರ್ಟು 4 ವರ್ಷ ಜೈಲು, 100 ಕೋಟಿ ದಂಡ ಹಾಕಿತು. 2015ರ ಮೇ 11ರಂದು ಹೈಕೋರ್ಟು ಬಿಡುಗಡೆ ಮಾಡಿತು. ಆಗ ಮತ್ತೆ ಈ ಕೇಸಿಗೆ ಬಂದಿದ್ದ ಆಚಾರ್ಯರು ಎತ್ತಿ ತೋರಿಸಿದ ತಪ್ಪು ಯಾವುದು ಗೊತ್ತೆ? ಕೂಡುವ ಲೆಕ್ಕ. ತೀರ್ಪಿನಲ್ಲಿ ಪಟ್ಟಿ ಮಾಡಿದ್ದ ಸಾಲಗಳನ್ನು ಕೂಡಿದರೆ 10.67 ಕೋಟಿ, ತೀರ್ಪಿನಲ್ಲಿ ಬರೆದದ್ದು 24.17 ಕೋಟಿ. ಅಷ್ಟರಿಂದ ಆದಾಯ ಮೀರಿದ ಆಸ್ತಿ ಶೇಕಡ 8.12ಕ್ಕೆ ಇಳಿದು ಮಾಫಿಯಾಗಿತ್ತು. 2017ರ ಫೆಬ್ರವರಿ 14ರಂದು ಸುಪ್ರೀಂ ಕೋರ್ಟು ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಿತು. ನಾಲ್ಕನೇ ಕ್ಲಾಸಿನ ಮೇಷ್ಟ್ರು ಕಲಿಸುವ ಸಂಕಲನ! ಹಳ್ಳಿ ಸ್ಕೂಲಿನ ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ, ನಿಮ್ಮ ಕರೀ ಹಲಗೆಯಿಂದ ಸುಪ್ರೀಂ ಕೋರ್ಟಿಗೆ ಎಷ್ಟು ಹತ್ತಿರದ ದಾರಿ ಇದೆ ನೋಡಿ.

ಇದುವರೆಗೆ ದುಡ್ಡಿನ ಮಾತಾಯಿತು. 'ಘೋರ ಅಪರಾಧ' ಎಂಬ ಇನ್ನೊಂದು ಅರ್ಧ ಇದೆಯಲ್ಲ, ಅದು ನಮಗೆ ಇನ್ನೂ ಹತ್ತಿರದ್ದು. ಇದೇ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1993ರ ಮಾರ್ಚ್ 25ರಂದು, ದೇವಸ್ಥಾನದೊಳಕ್ಕೆ ಕಾಲಿಟ್ಟ ವಿಚಾರಕ್ಕೆ ನಮ್ಮವರು 3 ಜನ ಕೊಲೆಯಾದರು. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು 7 ಜನರನ್ನು ಮನೆಯೊಳಗೆ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಕೋಲಾರದ ಕೋರ್ಟಿನಿಂದ ಎಲ್ಲ ಆರೋಪಿಗಳೂ ಹೊರಗೆ ಬಂದರು, 2014ರಲ್ಲಿ ಹೈಕೋರ್ಟು ಅದನ್ನೇ ಸರಿ ಅಂದಿತು. 7 ಹೆಣ, ಕೊಂದವರು ಯಾರೂ ಇಲ್ಲ. ಇಂಥ ಕೇಸಿಗೆ ರೇಷ್ಮೆ ಗೌನಿನ ವಕೀಲರನ್ನು ಕೇಳುವ ಹಕ್ಕು ನಮಗಿಲ್ಲವೆ? ಇದೆ. ದೌರ್ಜನ್ಯ ತಡೆ ಕಾಯಿದೆಯ 1995ರ ನಿಯಮಗಳಲ್ಲಿ 4ನೇ ನಿಯಮ ಓದಿ: ನೊಂದವರು ಬಯಸಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಹೆಸರಾಂತ ಹಿರಿಯ ವಕೀಲರನ್ನು ನೇಮಿಸಬಹುದು, ಫೀಸು ಸರ್ಕಾರದ್ದು. 1987ರ ಕಾನೂನು ಸೇವೆಗಳ ಕಾಯಿದೆಯ 12ನೇ ಕಲಮಿನಲ್ಲಿ ನಮ್ಮ ಜಾತಿಗಳವರಿಗೆ ಯಾವ ಕೇಸಿಗೂ ಪುಕ್ಕಟೆ ವಕೀಲರ ಹಕ್ಕಿದೆ, ಸಾಲದ ಕೇಸಿಗೂ ಸೇರಿ. ಸಂಘಟನೆಯವರು ಪೋಲೀಸು ಸ್ಟೇಷನ್ನಿನ ಮುಂದೆ ಕೂಗುವ ದಿನವೇ ಈ ಎರಡು ಅರ್ಜಿಯನ್ನೂ ಕೊಡಬೇಕು. ಅರ್ಜಿ ಬರೆದುಕೊಡುವ ಕೆಲಸ ನನ್ನದಿರಲಿ.

ನನ್ನ ಜೊತೆ ಓದಿದ ಗೆಳೆಯನೊಬ್ಬ ಬಿ.ಕಾಂ. ಮುಗಿಸಿ 2 ವರ್ಷದಿಂದ ಇನ್ನೊಂದು ಸಾಲದ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಸ್ವಂತ ಊರಿನ ವಸೂಲಿಗೆ ಹಾಕುವುದಿಲ್ಲ, ಮುಖ ಮೋರೆ ನೋಡಿ ಮೆತ್ತಗಾಗುತ್ತಾರೆ ಅಂತ. ಅವನು ಟಿ. ನರಸೀಪುರದ ಕಡೆ ಹಳ್ಳಿಗಳಲ್ಲಿ ಬೈಕಿನಲ್ಲಿ ತಿರುಗುತ್ತಾನೆ. ಅವನಿಗೆ ನಾನು ಲಂಡನ್ನಿನ ಬ್ಯಾರಿಸ್ಟರುಗಳ ಒಂದು ಕಟ್ಟಳೆ ಹೇಳಿದೆ. ಸರದಿಯಲ್ಲಿ ನಿಂತ ಬಾಡಿಗೆ ಗಾಡಿಯವನು ಮುಂದೆ ಬಂದವರನ್ನು ಹತ್ತಿಸಿಕೊಳ್ಳಲೇಬೇಕಲ್ಲ, ಹಾಗೆ ಬ್ಯಾರಿಸ್ಟರೂ ತನ್ನ ವಿಭಾಗದ ಕೇಸು ಬಂದರೆ, ಬಿಡುವಿದ್ದರೆ, ಕಕ್ಷಿದಾರ ಎಂಥವನೇ ಆಗಲಿ ಬೇಡ ಅನ್ನುವಂತಿಲ್ಲ. ನಮ್ಮ ಬಾರ್ ಕೌನ್ಸಿಲ್ ನಿಯಮದಲ್ಲೂ ಹೆಚ್ಚು ಕಡಿಮೆ ಇದೇ ಮಾತಿದೆ, ವಿಶೇಷ ಕಾರಣ ಇದ್ದರೆ ಬಿಡಬಹುದು ಎಂಬ ಸಂದಿ ಸಮೇತ. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಕೇರಿಗೆ ಅಂದರೆ ಆಟೋದವರು ಮುಖ ತಿರುಗಿಸುವುದನ್ನು ಕಂಡ ನಮಗೆ ಇದು ಒಳ್ಳೇ ತಮಾಷೆಯಾಗಿ ಕಂಡಿತು.

ನಗು ನಿಂತಮೇಲೆ ಅವನು ಕೇಳಿದ: 'ಹಂಗಾದ್ರ ನಾಳೆ ನಮ್ ಕಂಪನಿಯೋರು ಬಂದು ಕೇಸ್ ಕೊಟ್ರ ತಕ್ಕತೀಯಾ?'

'ಗೊತ್ತಿಲ್ಲ ಕನ' ಅಂದೆ. ನಿಜವಾಗಿಯೂ ಗೊತ್ತಿಲ್ಲ. ಮಾಂಟ್ಗೊಮರಿಯಂಥವರಿಗೆ ಆ ಕಟ್ಟಳೆ ಹಗುರ. ಅವರ ಅವ್ವ ಸಂಘದ ಸಾಲದಲ್ಲಿ ಇರಲಿಲ್ಲ.

'ಕಂಪನಿ ಬುಡು. ಕಂತು ಕೇಳಕ ಹೋಗಿ ನಾನೇ ಸಿಕ್ಕಾಕ್ಕಂಡು 10 ವರ್ಷದ ಕೇಸಾದ್ರ?'

'ನಿನ್ ಪರ ನಿಂತ್ಕತೀನಿ.'

ಅವನು ಸ್ವಲ್ಪ ಹೊತ್ತು ಬೈಕಿನ ಬೀಗದ ಕೈ ತಿರುಗಿಸುತ್ತ ನಿಂತಿದ್ದ. ಆಮೇಲೆ ಬ್ಯಾಗಿನಿಂದ ಒಂದು ಸಾಲದ ಕಾರ್ಡು ತೆಗೆದು ಕೊಟ್ಟ. ಅವರವ್ವನದು, ಬೇರೆ ಕಂಪನಿಯದು. ಅವರ ಹಟ್ಟಿಗೂ ವಾರವಾರ ಯಾರೋ ಒಬ್ಬ ಹುಡುಗ ಬೈಕಿನಲ್ಲಿ ಬರುತ್ತಾನಂತೆ. 'ಲೆಕ್ಕ ಸರಿ ಅದಾ ನೋಡು' ಅಂದ. ಕೂತು ನೋಡಿದೆ. 31, 32, 36ನೇ ವಾರದ ಕಂತು ಅವನ ಅವ್ವ ಕಟ್ಟಿದ್ದೇನೆ ಅನ್ನುತ್ತಾಳೆ, ಕಾರ್ಡಿನಲ್ಲಿ ಸಹಿ ಇಲ್ಲ. ಆ 3 ಮನೆಗೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಸೋಮವಾರ ಅವರ ಬ್ರಾಂಚಿಗೆ ಹೋಗಬೇಕು. ರಜೆ ಹಾಕಿ ಅವನೂ ಬರುತ್ತೇನೆ ಅಂದಿದ್ದಾನೆ.